ಕರೆಂಟ್ ಕಟ್, ಚಲನ್ ಬಾಕಿ, ಪಾರ್ಸೆಲ್ ವಾಪಸ್: ಮುಂಬಯಿಯಲ್ಲಿರುವ ನಮ್ಮವರು ಮೋಸದ ಮೆಸೇಜಿಗೆ ಸಿಕ್ಕಿಬೀಳದಿರಲು ಏನೇನು ಮಾಡಬೇಕು

ಮುಲುಂಡ್‌ನಲ್ಲಿ ನಮ್ಮ ದೊಡ್ಡಮಾವನ ಹೋಟೆಲ್ ಇದೆ. ಸಂಜೆ ಏಳೂವರೆ, ಗಿರಾಕಿ ಜಾಸ್ತಿ ಇರುವ ಹೊತ್ತು. ಮಾವ ಗಲ್ಲಾದಲ್ಲಿ ಕೂತು ಒಂದು ಕೈಯಲ್ಲಿ ಚಿಲ್ಲರೆ ಎಣಿಸುತ್ತಾ ಇನ್ನೊಂದು ಕೈಯಲ್ಲಿ ಫೋನನ್ನು ನನ್ನ ಕಡೆ ಚಾಚಿದರು. "ಇದೆಂತದು ನೋಡು ಮಾರಾಯ, ಕರೆಂಟ್ ಕಟ್ ಮಾಡ್ತಾರಂತೆ."

ಮೆಸೇಜ್ ಇಂಗ್ಲಿಷಿನಲ್ಲಿತ್ತು. ಹಿಂದಿನ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ, ಇವತ್ತು ರಾತ್ರಿ 9.30ಕ್ಕೆ ಕರೆಂಟ್ ತೆಗೆಯುತ್ತೇವೆ, ಕೂಡಲೇ ನಮ್ಮ ಅಧಿಕಾರಿಗೆ ಫೋನ್ ಮಾಡಿ ಅಂತ. ಕೆಳಗೆ ಹತ್ತಂಕಿಯ ಮೊಬೈಲ್ ನಂಬರ್. "ಫೋನ್ ಮಾಡಬೇಡಿ ಮಾವ" ಅಂದೆ. "ಮಾಡಿ ಆಯ್ತಲ್ಲ" ಅಂದರು. "ಹತ್ತು ರೂಪಾಯಿ ಕಟ್ಟಿದ್ರೆ ಸಾಕಂತೆ. ಯಾವುದೋ ಆ್ಯಪ್ ಹಾಕ್ಲಿಕ್ಕೆ ಹೇಳಿದ. ನನಗೆ ಹಾಕ್ಲಿಕ್ಕೆ ಬರ್ಲಿಲ್ಲ."

ಆ್ಯಪ್ ಹಾಕಲು ಬಾರದ್ದೇ ಅವತ್ತು ಮಾವನ ದುಡ್ಡು ಉಳಿಸಿತು.

ಮಾವ ಊರಲ್ಲಿ ಏಳನೇ ಕ್ಲಾಸು, ಇಲ್ಲಿ ಬಂದ ಮೇಲೆ ಕನ್ನಡ ರಾತ್ರಿ ಶಾಲೆ. ಗಲ್ಲಾದಲ್ಲಿ ಕೂತು ಹಿಂದಿ, ಮರಾಠಿ ಎರಡನ್ನೂ ನೀರು ಕುಡಿದ ಹಾಗೆ ಮಾತಾಡುತ್ತಾರೆ. ಆದರೆ ಓದುವುದು ಬೇರೆ ಮಾತು. ಮೆಸೇಜಿನಲ್ಲಿ ಅವರ ಕಣ್ಣಿಗೆ ಬೀಳುವುದು ಮೂರೇ: ಗಂಟೆ, ಮೊತ್ತ, ಫೋನ್ ನಂಬರ್. ಮೋಸ ಮಾಡುವವನಿಗೂ ಬೇಕಾದದ್ದು ಅಷ್ಟೇ. ಮುಂಬಯಿಯಲ್ಲಿ ಇಂಥ ಮೆಸೇಜು ಕನ್ನಡದಲ್ಲಿ ಬಂದದ್ದನ್ನು ನಾನಂತೂ ನೋಡಿಲ್ಲ. ನಮ್ಮವರು ಅರ್ಧ ಓದಿ, ಉಳಿದರ್ಧ ಹೆದರಿಕೆಯಲ್ಲಿ ತುಂಬಿಸಿಕೊಳ್ಳುತ್ತಾರೆ. ಹಾಗಾಗಿ ನಾನು ಮಾವನಿಗೆ ಮೊದಲು ಕಲಿಸಿದ್ದು ಮೆಸೇಜು ಓದುವುದನ್ನಲ್ಲ, ಕಳಿಸಿದವರು ಯಾರು ಅಂತ ನೋಡುವುದನ್ನು.

ಮೊದಲು ತಲೆಬರಹ ನೋಡಿ

ಮೆಸೇಜಿನ ಮೇಲ್ಗಡೆ ಕಳಿಸಿದವರ ಹೆಸರಿರುತ್ತದಲ್ಲ, ಅದಕ್ಕೆ ಹೆಡರ್ ಅನ್ನುತ್ತಾರೆ. ಬ್ಯಾಂಕು, ವಿದ್ಯುತ್ ಕಂಪನಿ, ಸರ್ಕಾರಿ ಇಲಾಖೆ ಇವೆಲ್ಲ ಹೆಡರನ್ನು ಮೊದಲೇ ನೋಂದಾಯಿಸಿಕೊಂಡಿರಬೇಕು. ಮೊಬೈಲ್ ಕಂಪನಿಗಳ ಈ ವ್ಯವಸ್ಥೆಗೆ ಡಿಎಲ್‌ಟಿ ಅಂತ ಹೆಸರು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2018ರಲ್ಲಿ ಮಾಡಿದ ನಿಯಮದಿಂದ ಬಂದದ್ದು.

ಹೆಡರ್ ಹೀಗಿರುತ್ತದೆ: ಮೊದಲು ಎರಡು ಇಂಗ್ಲಿಷ್ ಅಕ್ಷರ, ಒಂದು ಅಡ್ಡಗೆರೆ, ಕಂಪನಿಯ ಗುರುತು, ಇನ್ನೊಂದು ಅಡ್ಡಗೆರೆ, ಕೊನೆಗೆ ಒಂದೇ ಅಕ್ಷರ. ಮೊದಲ ಎರಡು ಅಕ್ಷರ ಯಾವ ಮೊಬೈಲ್ ಕಂಪನಿಯ ಮೂಲಕ, ಯಾವ ಸರ್ಕಲ್‌ನಿಂದ ಬಂತು ಅಂತ ಹೇಳುತ್ತವೆ. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನೋಡಬೇಕಾದದ್ದು ಕೊನೆಯ ಅಕ್ಷರ. ಇದು 2025ರಲ್ಲಿ ಬಂದ ಹೊಸ ಪದ್ಧತಿ, ತುಂಬಾ ಉಪಯೋಗದ್ದು.

'ಪಿ' ಅಂತ ಇದ್ದರೆ ಜಾಹೀರಾತು. 'ಎಸ್' ಅಂದರೆ ಸೇವೆಗೆ ಸಂಬಂಧಪಟ್ಟದ್ದು. 'ಟಿ' ಅಂದರೆ ವ್ಯವಹಾರದ್ದು, ಒಟಿಪಿ ಥರದ್ದು. 'ಜಿ' ಅಂದರೆ ಸರ್ಕಾರದ್ದು.

ಈಗ ಮಾವನಿಗೆ ಬಂದದ್ದನ್ನು ನೋಡಿ. ಹೆಡರೇ ಇಲ್ಲ. ಯಾರದೋ ಹತ್ತಂಕಿಯ ಮೊಬೈಲ್ ನಂಬರಿನಿಂದ ಬಂದಿದೆ. ಇಷ್ಟು ದೊಡ್ಡ ವಿದ್ಯುತ್ ಕಂಪನಿ ಯಾರದೋ ಖಾಸಗಿ ನಂಬರಿನಿಂದ ನಿಮಗೆ ಮೆಸೇಜ್ ಕಳಿಸುತ್ತದಾ? ಅಲ್ಲಿಗೆ ಕೆಲಸ ಮುಗಿಯಿತು, ಒಳಗೆ ಏನು ಬರೆದಿದ್ದರೂ ಓದುವ ಅಗತ್ಯವೇ ಇಲ್ಲ. ಪ್ಲಸ್ ಗುರುತಿನ ಮುಂದೆ 91 ಬಿಟ್ಟು ಬೇರೆ ದೇಶದ ಕೋಡ್ ಇದ್ದರೆ, ಅಥವಾ ಕಳಿಸಿದವರ ಜಾಗದಲ್ಲಿ ಇಮೇಲ್ ವಿಳಾಸ ಇದ್ದರೆ, ಆಗಲೂ ಅಷ್ಟೇ.

ಹೆಡರ್ ಇದೆ ಆದರೆ ಯಾರದ್ದೆಂದು ಗೊತ್ತಾಗುತ್ತಿಲ್ಲ ಅಂದರೆ ಹುಡುಕಬಹುದು. ಎಸ್‌ಎಂಎಸ್‌ಹೆಡರ್ ಡಾಟ್ ಟ್ರಾಯ್ ಡಾಟ್ ಗವ್ ಡಾಟ್ ಇನ್ ಅನ್ನುವ ತಾಣದಲ್ಲಿ ಆ ಗುರುತು ಹಾಕಿದರೆ ಯಾವ ಸಂಸ್ಥೆಯ ಹೆಸರಲ್ಲಿ ನೋಂದಣಿಯಾಗಿದೆ ಎಂದು ತೋರಿಸುತ್ತದೆ.

ಒಂದು ಮಾತು. ಹೆಡರ್ ಸರಿ ಇದ್ದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ. ನೋಂದಾಯಿಸಿದ ಹೆಡರನ್ನೂ ಕಳ್ಳರು ದುರುಪಯೋಗ ಮಾಡಿದ್ದುಂಟು. ಅದಕ್ಕೇ 2024ರ ಅಕ್ಟೋಬರ್ 1ರಿಂದ ಹೆಡರ್ ಮೂಲಕ ಹೋಗುವ ಮೆಸೇಜಿನಲ್ಲಿ ಮೊದಲೇ ಒಪ್ಪಿಗೆ ಪಡೆಯದ ಲಿಂಕ್ ಇದ್ದರೆ ಮೊಬೈಲ್ ಕಂಪನಿಗಳು ಅದನ್ನು ತಡೆಯಬೇಕು ಅಂತಾಯಿತು. ಇದರಿಂದ ಕಳ್ಳರ ದಾರಿ ಕಿರಿದಾಗಿದೆ, ಮುಚ್ಚಿಲ್ಲ. ಹತ್ತಂಕಿಯ ನಂಬರ್, ವಾಟ್ಸಾಪ್, ಐಮೆಸೇಜ್, ಆರ್‌ಸಿಎಸ್ ಚಾಟ್ ಎಲ್ಲ ತೆರೆದೇ ಇವೆ.

ಮುಂಬಯಿಯಲ್ಲಿ ಬರುವ ಮಾದರಿಗಳು

ಕರೆಂಟಿನದ್ದು ಹೇಳಿದೆ. ಅದಕ್ಕೊಂದು ಕಾನೂನಿನ ಉತ್ತರವಿದೆ, ಗೊತ್ತಿದ್ದರೆ ಹೆದರಿಕೆ ಅರ್ಧ ಇಳಿಯುತ್ತದೆ. 2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ, ಬಿಲ್ ಬಾಕಿ ಅಂತ ಕರೆಂಟ್ ತೆಗೆಯಬೇಕಾದರೆ ಕಡಿಮೆಯೆಂದರೂ ಪೂರ್ತಿ 15 ದಿನಗಳ ನೋಟಿಸ್ ಬರವಣಿಗೆಯಲ್ಲಿ ಕೊಡಬೇಕು. ಸಂಜೆ ಏಳೂವರೆಗೆ ಹೇಳಿ ರಾತ್ರಿ ಒಂಬತ್ತೂವರೆಗೆ ಫ್ಯೂಸ್ ತೆಗೆಯುವ ಪದ್ಧತಿಯೇ ಇಲ್ಲ. ಇನ್ನೂ ಒಂದು: ಮುಂಬಯಿಯಲ್ಲಿ ಕರೆಂಟ್ ಕೊಡುವವರು ಒಬ್ಬರಲ್ಲ. ಕೊಲಾಬಾದಿಂದ ಮಾಹಿಮ್, ಸಯನ್ ತನಕ ಬೆಸ್ಟ್. ಉಪನಗರಗಳಲ್ಲಿ ಅದಾನಿ, ಟಾಟಾ. ಭಾಂಡುಪ್, ಮುಲುಂಡ್, ಠಾಣೆ, ಡೊಂಬಿವಲಿ ಕಡೆ ಮಹಾವಿತರಣ. ಬರೀ 'ಎಲೆಕ್ಟ್ರಿಸಿಟಿ ಆಫೀಸ್' ಅಂತ ಬರೆದವನಿಗೆ ನೀವು ಯಾರ ಗ್ರಾಹಕ ಅಂತಲೂ ಗೊತ್ತಿಲ್ಲ. ಅನುಮಾನ ಬಂದರೆ ನಿಮ್ಮ ಹಳೇ ಬಿಲ್ ತೆಗೆದು ಅದರಲ್ಲಿ ಅಚ್ಚಾದ ನಂಬರಿಗೇ ಫೋನ್ ಮಾಡಿ. ಗ್ಯಾಸ್ ಪೈಪ್‌ಲೈನ್ ಬಿಲ್ಲಿನ ಹೆಸರಲ್ಲೂ ಇದೇ ನಾಟಕ ನಡೆಯುತ್ತದೆ. ಉತ್ತರವೂ ಅದೇ, ಹಳೇ ಬಿಲ್ ತೆಗೆಯಿರಿ.

ಟ್ರಾಫಿಕ್ ಚಲನ್ ಮೆಸೇಜು ಇನ್ನೂ ಚುರುಕು. ನಿಮ್ಮ ಗಾಡಿಯ ನಂಬರೂ ಅದರಲ್ಲಿ ಇರಬಹುದು. ಜೊತೆಗೆ ವಾಟ್ಸಾಪಿನಲ್ಲಿ ಒಂದು ಫೈಲ್ ಬರುತ್ತದೆ, ಹೆಸರು 'ಆರ್‌ಟಿಒ ಚಲನ್', ಕೊನೆಯಲ್ಲಿ 'ಎಪಿಕೆ' ಅಂತ ಇರುತ್ತದೆ. ಅದು ಚಲನ್ ಅಲ್ಲ, ಆ್ಯಪ್. ಒತ್ತಿದರೆ ನಿಮ್ಮ ಫೋನಿಗೆ ಬರುವ ಒಟಿಪಿಗಳನ್ನೆಲ್ಲ ಬೇರೆ ಕಡೆ ರವಾನಿಸುತ್ತದೆ. ಸರ್ಕಾರ ಚಲನನ್ನು ಎಪಿಕೆ ಫೈಲಿನಲ್ಲಿ ಕಳಿಸುವುದಿಲ್ಲ. ಮದುವೆ ಕಾಗದದ ಹೆಸರಲ್ಲೂ ಇಂಥ ಫೈಲು ಬರುತ್ತದೆ. ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಮದುವೆ ಸೀಸನ್ನಿಗೆ ಇದು ಬಹಳ ಅಪಾಯ, ಯಾಕೆಂದರೆ ಕಳಿಸಿದವರ ಹೆಸರು ಪರಿಚಯದ್ದೇ ಇರುತ್ತದೆ. ಅವರ ಫೋನ್ ಆಗಲೇ ಕಳ್ಳರ ಕೈಸೇರಿರುತ್ತದೆ.

ಮನೆಗೆಲಸಕ್ಕೆ ಬರುವ ತಾಯಂದಿರಿಗೂ ಹೇಳಿಡಿ: ಲಾಡಕೀ ಬಹೀಣ್ ಯೋಜನೆಯ ತಿಂಗಳ 1,500 ರೂಪಾಯಿಗೆ ಇ-ಕೆವೈಸಿ ಮಾಡಿಸಬೇಕು ಅಂತ ಬಂದಾಗ ನಕಲಿ ತಾಣಗಳೂ ಹುಟ್ಟಿಕೊಂಡವು. ಮಹಾರಾಷ್ಟ್ರ ಸರ್ಕಾರದ ಈ ಯೋಜನೆಯ ತಾಣದ ವಿಳಾಸ 'ಮಹಾರಾಷ್ಟ್ರ ಡಾಟ್ ಗವ್ ಡಾಟ್ ಇನ್' ಅಂತಲೇ ಮುಗಿಯಬೇಕು.

ಇನ್ನೊಂದು, ಹಣ 'ಬಂತು' ಅನ್ನುವ ಮೆಸೇಜು. ಇದು ಒಳ್ಳೆಯ ಮನಸ್ಸಿನವರನ್ನೇ ಹಿಡಿಯುತ್ತದೆ. ನಿಮ್ಮ ಖಾತೆಗೆ 10,000 ಜಮಾ ಆಗಿದೆ ಅಂತ ಬ್ಯಾಂಕಿನ ಧಾಟಿಯಲ್ಲೇ ಮೆಸೇಜ್. ಎರಡು ನಿಮಿಷಕ್ಕೆ ಅಳುವ ದನಿಯಲ್ಲಿ ಫೋನ್: "ತಪ್ಪಿ ನಿಮಗೆ ಹಾಕಿದೆ, ಅಮ್ಮ ಆಸ್ಪತ್ರೆಯಲ್ಲಿದ್ದಾರೆ, ವಾಪಸ್ ಕಳಿಸಿ." ಮೆಸೇಜು ಬಂದದ್ದು ಹತ್ತಂಕಿಯ ನಂಬರಿನಿಂದ. ಜಮಾ ಆದದ್ದು ಬರೀ ಮೆಸೇಜಿನಲ್ಲಿ. ಹೀಗಾದಾಗ ಬ್ಯಾಂಕಿನ ಆ್ಯಪ್ ನೀವೇ ತೆರೆದು ಬ್ಯಾಲೆನ್ಸ್ ನೋಡಿ. ನಿಜವಾಗಿಯೂ ಬಂದಿದ್ದರೂ ನೀವಾಗಿ ಕಳಿಸಬೇಡಿ. "ನಿಮ್ಮ ಬ್ಯಾಂಕಿಗೆ ಹೇಳಿ, ಅವರು ನನ್ನ ಬ್ಯಾಂಕಿನ ಮೂಲಕ ತೆಗೆದುಕೊಳ್ಳಲಿ" ಅಂತ ಹೇಳಿ ಫೋನ್ ಇಡಿ.

'ಎರಡು ಗಂಟೆಯಲ್ಲಿ ನಿಮ್ಮ ಸಿಮ್ ಬಂದ್' ಅಂತ ಟ್ರಾಯ್ ಹೆಸರಲ್ಲಿ ಬಂದರೆ ನಕ್ಕು ಬಿಡಿ. ಟ್ರಾಯ್ ಯಾರ ಸಿಮ್ಮನ್ನೂ ಬಂದ್ ಮಾಡಲು ಫೋನಾಗಲಿ ಮೆಸೇಜಾಗಲಿ ಮಾಡುವುದಿಲ್ಲ.

ಲಿಂಕನ್ನು ಹಿಂದಿನಿಂದ ಓದಿ

ಇಲ್ಲಿ ನನ್ನ ಮರ್ಯಾದೆಯನ್ನೂ ಸ್ವಲ್ಪ ಕಳೆದುಕೊಳ್ಳುತ್ತೇನೆ. ಊರಿಂದ ಅಮ್ಮ ಹಲಸಿನ ಹಪ್ಪಳ ಸ್ಪೀಡ್ ಪೋಸ್ಟಿನಲ್ಲಿ ಪಾರ್ಸೆಲ್ ಮಾಡಿದ್ದರು. ದಿನಾ ದಾರಿ ನೋಡುತ್ತಿದ್ದೆ. ಆಗಲೇ ಮೆಸೇಜು ಬಂತು: ನಿಮ್ಮ ಪಾರ್ಸೆಲ್ ಗೋಡೌನಿಗೆ ಬಂದಿದೆ, ಎರಡು ಸಲ ತಂದರೂ ವಿಳಾಸ ಅಪೂರ್ಣ, 48 ಗಂಟೆಯೊಳಗೆ ಸರಿ ಮಾಡದಿದ್ದರೆ ವಾಪಸ್. ಎಲ್ಲರಿಗೂ ಬುದ್ಧಿ ಹೇಳುವ ನಾನು ಸೀದಾ ಒತ್ತಿದೆ. ಹೆಸರು, ವಿಳಾಸ ತುಂಬಿದೆ. ಮುಂದಿನ ಪುಟದಲ್ಲಿ ಸಣ್ಣ ಮೊತ್ತ ಕಟ್ಟಲು ಕಾರ್ಡ್ ನಂಬರ್ ಕೇಳಿತು. ಹಿಂದಿನ ಮೂರಂಕಿಯ ಸಿವಿವಿಯನ್ನೂ ಕೇಳಿದಾಗ ಎಚ್ಚರವಾಯಿತು. ಅಮ್ಮ ಊರಲ್ಲೇ ದುಡ್ಡು ಕೊಟ್ಟು ಕಳಿಸಿದ್ದಾರೆ, ಇವನಿಗೆ ಯಾಕೆ ಕೊಡಬೇಕು? ಮೇಲೆ ವಿಳಾಸ ನೋಡಿದರೆ ಎಲ್ಲೂ ಸರ್ಕಾರದ್ದಲ್ಲ.

ನಿಮಗೆ ಬೇಕಾದ ಹೊತ್ತಿಗೆ ಬೇಕಾದ ಸುಳ್ಳು ಬಂದರೆ ಓದು ಬರುವವನೂ ಬೀಳುತ್ತಾನೆ. ಸ್ಪೀಡ್ ಪೋಸ್ಟ್ ರಸೀದಿಯಲ್ಲಿ 13 ಅಕ್ಷರ-ಅಂಕಿಗಳ ನಂಬರ್ ಇರುತ್ತದೆ. ಅದನ್ನು ಅಂಚೆ ಇಲಾಖೆಯ ತಾಣದಲ್ಲಿ ನಾನೇ ಹಾಕಿ ನೋಡಿದ್ದರೆ ಒಂದು ನಿಮಿಷದ ಕೆಲಸ.

ಲಿಂಕ್ ಓದುವ ಬಗೆ ಹೀಗೆ. ಒತ್ತುವ ಮೊದಲು ಕಣ್ಣಲ್ಲೇ ನೋಡಿ. ಎಚ್‌ಟಿಟಿಪಿಎಸ್ ಆದ ಮೇಲೆ ಬರುವ ಎರಡು ಓರೆಗೆರೆಗಳನ್ನು ಬಿಡಿ. ಅದರ ನಂತರ ಸಿಗುವ ಮೊದಲ ಒಂಟಿ ಓರೆಗೆರೆಗೆ ಬೆರಳಿಡಿ. ಓರೆಗೆರೆ ಇಲ್ಲದಿದ್ದರೆ ಕೊನೆಯಲ್ಲಿ. ಅಲ್ಲಿಂದ ಹಿಂದಕ್ಕೆ ಓದಿ. ಕೇಂದ್ರ ಸರ್ಕಾರದ ಚಲನ್ ತಾಣವಾದರೆ ಹಿಂದಿನಿಂದ 'ಇನ್', 'ಗವ್', 'ಪರಿವಾಹನ್' ಅಂತ ಸಿಗಬೇಕು, ನಡುವೆ ಚುಕ್ಕಿ. ಮೋಸದ ಲಿಂಕಿನಲ್ಲಿ ಹಿಂದಿನಿಂದ 'ಟಾಪ್' ಅಥವಾ 'ಎಕ್ಸ್‌ವೈಝಡ್' ಅಂತ ಏನಾದರೂ ಸಿಗುತ್ತದೆ. 'ಪರಿವಾಹನ್', 'ಗವ್' ಅನ್ನುವುದು ಎಲ್ಲೋ ಮುಂದೆ ಅಡ್ಡಗೆರೆ ಹಾಕಿ ಅಂಟಿಸಿಕೊಂಡಿರುತ್ತದೆ. ಅಡ್ಡಗೆರೆಯ ಗವ್ ಬೇರೆ, ಚುಕ್ಕಿಯ ಗವ್ ಬೇರೆ. ಮಾವನಿಗೆ ನಾನು ಹೇಳಿದ್ದು: "ಮನೆತನದ ಹೆಸರು ಕೊನೆಯಲ್ಲಿ ಇರ್ತದಲ್ಲ ಮಾವ, ಹಾಗೆ. ಮುಂದೆ ಯಾರು ಬೇಕಾದರೂ ಏನು ಬೇಕಾದರೂ ಇಟ್ಟುಕೊಳ್ಳಬಹುದು."

ಬ್ಯಾಂಕುಗಳಿಗೆ ಈಗ ಇನ್ನೂ ಸುಲಭ. ರಿಸರ್ವ್ ಬ್ಯಾಂಕು ನಮ್ಮ ಬ್ಯಾಂಕುಗಳಿಗೆಲ್ಲ 2025ರ ಅಕ್ಟೋಬರ್ 31ರೊಳಗೆ ತಮ್ಮ ತಾಣಗಳನ್ನು 'ಡಾಟ್ ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ ಬದಲಿಸಲು ಹೇಳಿತು. ವಿಳಾಸ ಹಾಗೆ ಮುಗಿಯದಿದ್ದರೆ ಪಾಸ್‌ವರ್ಡ್ ಹಾಕಬೇಡಿ. ಚೋಟುದ್ದದ ಲಿಂಕುಗಳು ಬರುತ್ತವಲ್ಲ, ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾಗದಂಥವು, ಅವನ್ನು ಮುಟ್ಟಲೇಬೇಡಿ.

ಕಿರಿಕಿರಿಯ ಮೆಸೇಜು ಕಡಿಮೆ ಮಾಡುವುದು

ಮೋಸದ್ದು ಒಂದು ಬಗೆ, ಬರೀ ಕಾಟ ಕೊಡುವುದು ಇನ್ನೊಂದು. ಸಾಲ ಬೇಕಾ, ಪನ್ವೇಲ್‌ನಲ್ಲಿ ಫ್ಲ್ಯಾಟ್ ಬೇಕಾ, ಸೀರೆ ಸೇಲ್ ಇದೆ. ಇವು ಜಾಸ್ತಿಯಾದಷ್ಟೂ ಮೋಸದ ಮೆಸೇಜು ಅದರ ನಡುವೆ ಕಾಣದೆ ಹೋಗುತ್ತದೆ. ಹಾಗಾಗಿ ಡಿಎನ್‌ಡಿ, ಅಂದರೆ ಬೇಡದ ಜಾಹೀರಾತಿಗೆ ತಡೆ, ಹಾಕಿಸಿ.

ಮಾಡುವುದು ಸುಲಭ. 1909 ನಂಬರಿಗೆ ಇಂಗ್ಲಿಷ್ ಅಕ್ಷರಗಳಲ್ಲಿ 'ಸ್ಟಾರ್ಟ್' ಅಂತ ಬರೆದು, ಜಾಗ ಬಿಟ್ಟು ಸೊನ್ನೆ ಹಾಕಿ ಎಸ್‌ಎಂಎಸ್ ಕಳಿಸಿ. ಎಲ್ಲ ಜಾಹೀರಾತಿಗೂ ತಡೆ. ಬರೆಯಲು ಆಗದವರು 1909ಕ್ಕೆ ಫೋನ್ ಮಾಡಬಹುದು. ಬ್ಯಾಂಕಿನದ್ದು ಇರಲಿ, ರಿಯಲ್ ಎಸ್ಟೇಟ್ ಬೇಡ ಅಂತ ಆರಿಸಿಕೊಳ್ಳಬೇಕಾದರೆ ಟ್ರಾಯ್‌ನ ಡಿಎನ್‌ಡಿ ಆ್ಯಪ್ ಅಥವಾ ನಿಮ್ಮ ಮೊಬೈಲ್ ಕಂಪನಿಯ ಆ್ಯಪಿನಲ್ಲಿ ಮಾಡಿ. ಒಟಿಪಿ, ಬ್ಯಾಂಕಿನ ಲೆಕ್ಕದ ಮೆಸೇಜು ನಿಲ್ಲುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ನಿಲ್ಲುವುದಿಲ್ಲ. ನಿಲ್ಲುವುದು 'ಪಿ' ಬಾಲದ್ದು ಮಾತ್ರ.

ನಮ್ಮವರು ಮರೆಯುವ ವಿಷಯ: ಡಿಎನ್‌ಡಿ ಆಯಾ ನಂಬರಿಗೆ ಮಾತ್ರ. ಫೋನಿನಲ್ಲಿ ಮುಂಬಯಿ ಸಿಮ್ ಒಂದು, ಊರಿನ ಸಿಮ್ ಒಂದು ಇದ್ದರೆ ಎರಡರಿಂದಲೂ ಬೇರೆ ಬೇರೆ ಕಳಿಸಬೇಕು.

ಡಿಎನ್‌ಡಿ ಹಾಕಿದ ಮೇಲೂ ಕೆಲವು ಅಂಗಡಿಗಳ ಮೆಸೇಜು ಬರುತ್ತಲೇ ಇರುತ್ತದೆ. ಯಾಕೆಂದರೆ ನೀವೇ ಎಲ್ಲೋ ಒಪ್ಪಿಗೆ ಕೊಟ್ಟಿರುತ್ತೀರಿ. ಮಾಲ್‌ನಲ್ಲಿ ಒಂದು ಜೊತೆ ಚಪ್ಪಲಿ ತಗೊಂಡರೂ ಬಿಲ್ ಮಾಡುವವಳು ಫೋನ್ ನಂಬರ್ ಕೇಳುತ್ತಾಳೆ, ನಾವೂ ಸುಮ್ನೆ ಹೇಳಿಬಿಡುತ್ತೇವೆ. ಕೊಡಲೇಬೇಕು ಅಂತಿಲ್ಲ. ಗ್ರಾಹಕರ ನಂಬರಿಗಾಗಿ ಪಟ್ಟು ಹಿಡಿಯಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಅಂಗಡಿಯವರಿಗೆ ತಿಳಿಸಿದೆ. "ನಂಬರ್ ನಹೀ ಹೈ" ಅಂತ ಹೇಳಿ ನೋಡಿ, ಬಿಲ್ ಆಗಿಯೇ ಆಗುತ್ತದೆ.

ಫೋನಿನಲ್ಲಿ ಮಾಡಬೇಕಾದ್ದು

ಆಂಡ್ರಾಯ್ಡ್‌ನಲ್ಲಿ ಗೂಗಲ್ ಮೆಸೇಜಸ್ ಇದ್ದರೆ, ಮೇಲೆ ನಿಮ್ಮ ಚಿತ್ರ ಒತ್ತಿ, ಮೆಸೇಜಸ್ ಸೆಟ್ಟಿಂಗ್ಸ್‌ಗೆ ಹೋಗಿ, 'ಸ್ಪ್ಯಾಮ್ ಪ್ರೊಟೆಕ್ಷನ್' ಆನ್ ಮಾಡಿ. ಕಾಟದ ಮೆಸೇಜನ್ನು ಒತ್ತಿ ಹಿಡಿದರೆ ಬ್ಲಾಕ್ ಮಾಡಿ ರಿಪೋರ್ಟ್ ಮಾಡುವ ದಾರಿ ಸಿಗುತ್ತದೆ. ಐಫೋನಿನವರು ಸೆಟ್ಟಿಂಗ್ಸ್‌ನ ಮೆಸೇಜಸ್ ವಿಭಾಗದಲ್ಲಿ ಗುರುತಿಲ್ಲದವರ ಮೆಸೇಜನ್ನು ಬೇರೆ ಪಟ್ಟಿಗೆ ಹಾಕುವ ಗುಂಡಿ ಹುಡುಕಿ ಆನ್ ಮಾಡಿ.

ಇದಕ್ಕಿಂತ ಮುಖ್ಯವಾದದ್ದು ಆಂಡ್ರಾಯ್ಡ್‌ನವರಿಗೆ. ಸೆಟ್ಟಿಂಗ್ಸ್ ತೆರೆದು ಹುಡುಕುವ ಜಾಗದಲ್ಲಿ 'ಅನ್‌ನೋನ್ ಆ್ಯಪ್ಸ್' ಅಂತ ಬರೆಯಿರಿ. ಯಾವ ಯಾವ ಆ್ಯಪ್ ಹೊರಗಿನ ಆ್ಯಪುಗಳನ್ನು ಹಾಕಬಹುದು ಅನ್ನುವ ಪಟ್ಟಿ ಬರುತ್ತದೆ. ವಾಟ್ಸಾಪ್, ಕ್ರೋಮ್, ಫೈಲ್ಸ್ ಎಲ್ಲಕ್ಕೂ ಅದನ್ನು ಆಫ್ ಮಾಡಿ. ಆಮೇಲೆ ಎಪಿಕೆ ಒತ್ತಿದರೂ ಫೋನ್ ಅಲ್ಲೇ ತಡೆದು ಕೇಳುತ್ತದೆ. ಹಾಗೆಯೇ ಎಸ್‌ಎಂಎಸ್ ಓದುವ ಅನುಮತಿ ಯಾವ ಆ್ಯಪಿಗೆ ಇದೆ ಅಂತ ಪರ್ಮಿಷನ್ ಮ್ಯಾನೇಜರಿನಲ್ಲಿ ನೋಡಿ. ಮಾವನ ಫೋನಿನಲ್ಲಿ ಟಾರ್ಚಿನ ಆ್ಯಪಿಗೆ ಮೆಸೇಜು ಓದುವ ಅನುಮತಿ ಇತ್ತು! ಟಾರ್ಚಿಗೆ ಯಾಕೆ ಮೆಸೇಜು?

ಲಾಕ್ ಆದ ಪರದೆಯ ಮೇಲೆ ಮೆಸೇಜಿನ ಒಳಗಿನದ್ದು ಕಾಣದ ಹಾಗೆ ಮಾಡಿಡಿ. ಫೋನ್ ಗಲ್ಲಾದ ಮೇಲೆ ಬಿದ್ದಿರುತ್ತದೆ, ಒಟಿಪಿ ಯಾರ ಕಣ್ಣಿಗೂ ಬೀಳಬಾರದು ಅಲ್ವಾ?

ಎಲ್ಲಿ ದೂರು ಕೊಡುವುದು

ಮೂರು ಜಾಗ ಇವೆ. ಜನ ಇವನ್ನು ಒಂದಕ್ಕೊಂದು ಬೆರೆಸಿ, ಕೊನೆಗೆ ಎಲ್ಲೂ ದೂರು ಕೊಡುವುದಿಲ್ಲ.

ಬರೀ ಜಾಹೀರಾತಿನ ಕಾಟವಾದರೆ 1909. ಆ ಮೆಸೇಜನ್ನು, ಬಂದ ಸಿಮ್ಮಿನಿಂದಲೇ, ಕಳಿಸಿದವರ ನಂಬರ್ ಅಥವಾ ಹೆಡರ್ ಮತ್ತು ದಿನಾಂಕ ಸೇರಿಸಿ ಕಳಿಸಿ. ಮೊದಲು ಮೂರು ದಿನದೊಳಗೆ ದೂರು ಕೊಡಬೇಕಿತ್ತು. 2025ರ ಫೆಬ್ರವರಿಯ ತಿದ್ದುಪಡಿಯಲ್ಲಿ ಏಳು ದಿನ ಮಾಡಿದ್ದಾರೆ. ಹತ್ತಂಕಿಯ ನಂಬರಿನಿಂದ ಜಾಹೀರಾತು ಕಳಿಸುವವರ ಮೇಲೆ ದೂರು ಕೊಡಲು ಈಗ ಡಿಎನ್‌ಡಿ ಹಾಕಿಸಿರಲೇಬೇಕು ಅಂತಲೂ ಇಲ್ಲ. ಹತ್ತು ದಿನದಲ್ಲಿ ಐದು ದೂರು ಬಂದರೆ ಅಂಥವರ ಮೇಲೆ ಕ್ರಮ ಶುರುವಾಗುತ್ತದೆ. ಐದು ಅಂದರೆ ಎಷ್ಟು? ನಿಮ್ಮ ಬಿಲ್ಡಿಂಗಿನ ಒಂದೇ ಮಾಳಿಗೆ ಸಾಕು.

ಮೋಸದ ವಾಸನೆ ಇದೆ, ಆದರೆ ದುಡ್ಡು ಹೋಗಿಲ್ಲ ಅಂದರೆ ಚಕ್ಷು. ಇದು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿದೆ, ಆ್ಯಪಿನಲ್ಲೂ ಇದೆ. 2024ರ ಮಾರ್ಚಿನಲ್ಲಿ ಶುರುವಾದದ್ದು. ಎಸ್‌ಎಂಎಸ್, ಫೋನ್, ವಾಟ್ಸಾಪ್ ಯಾವುದರ ಮೂಲಕ ಬಂದರೂ ಇಲ್ಲಿ ಹೇಳಬಹುದು. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಹೋಗಿ. ಹೇಗೂ ಅಲ್ಲಿಗೆ ಹೋದಿರಲ್ಲ, ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತಲೂ ನೋಡಿ ಬನ್ನಿ. ನಿಮ್ಮದಲ್ಲದ್ದು ಕಂಡರೆ ಅಲ್ಲಿಯೇ 'ನನ್ನ ನಂಬರ್ ಅಲ್ಲ' ಅಂತ ಹೇಳಬಹುದು.

ದುಡ್ಡು ಹೋಗಿದ್ದರೆ ಸೈಬರ್ ಮೋಸದ ಸಹಾಯವಾಣಿ 1930. ಬೇರೆ ಯಾವುದೂ ಅಲ್ಲ, ಮೊದಲು ಇದು.

ಒತ್ತಿಬಿಟ್ಟಿದ್ದೀರಿ, ಈಗ?

ಮೊದಲು ಎಲ್ಲಿಯ ತನಕ ಹೋಗಿದ್ದೀರಿ ಅಂತ ನೋಡಿ. ಬರೀ ಲಿಂಕ್ ತೆರೆದು ಮುಚ್ಚಿದ್ದರೆ ಸಾಮಾನ್ಯವಾಗಿ ದೊಡ್ಡ ಅಪಾಯ ಇಲ್ಲ. ಏನಾದರೂ ಫೈಲ್ ಇಳಿದಿದೆಯಾ ಅಂತ ಡೌನ್‌ಲೋಡ್ಸ್‌ನಲ್ಲಿ ನೋಡಿ, ಇದ್ದರೆ ತೆರೆಯದೆ ಅಳಿಸಿ. ಕಾರ್ಡ್ ನಂಬರ್ ಹಾಕಿದ್ದರೆ ಬ್ಯಾಂಕಿನ ಆ್ಯಪಿನಲ್ಲಿ ಕಾರ್ಡನ್ನು ಕೂಡಲೇ ಬ್ಲಾಕ್ ಮಾಡಿ. ಪಾಸ್‌ವರ್ಡ್ ಕೊಟ್ಟಿದ್ದರೆ ಬದಲಿಸಿ, ಅದೇ ಪಾಸ್‌ವರ್ಡ್ ಬೇರೆ ಕಡೆ ಇದ್ದರೆ ಅಲ್ಲೂ ಬದಲಿಸಿ.

ಆ್ಯಪ್ ಹಾಕಿಬಿಟ್ಟಿದ್ದರೆ, ಅಥವಾ ಅವರು ಹೇಳಿದ ಹಾಗೆ ಸ್ಕ್ರೀನ್ ಹಂಚಿಕೊಂಡಿದ್ದರೆ, ವಿಷಯ ಗಂಭೀರ. ಮೊದಲ ಕೆಲಸ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕುವುದು. ವೈಫೈ ಕೂಡ ಆಫ್ ಆಗಿದೆಯಾ ನೋಡಿ. ಆಮೇಲೆ ಪಕ್ಕದವರ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ, ಕಾರ್ಡ್, ಯುಪಿಐ ಎಲ್ಲ ನಿಲ್ಲಿಸಿ. ಆ ಆ್ಯಪನ್ನು ತೆಗೆಯಿರಿ. ತೆಗೆಯಲು ಬಿಡದಿದ್ದರೆ ಸೆಟ್ಟಿಂಗ್ಸ್‌ನಲ್ಲಿ 'ಡಿವೈಸ್ ಅಡ್ಮಿನ್' ಮತ್ತು 'ಆಕ್ಸೆಸಿಬಿಲಿಟಿ' ಪಟ್ಟಿಯಲ್ಲಿ ಅದಕ್ಕೆ ಕೊಟ್ಟ ಅನುಮತಿ ಕಿತ್ತು ಮತ್ತೆ ಪ್ರಯತ್ನಿಸಿ. ನನ್ನನ್ನು ಕೇಳಿದರೆ, ಫೋಟೋಗಳನ್ನು ಬೇರೆ ಕಡೆ ಉಳಿಸಿಕೊಂಡು ಫೋನನ್ನು ಪೂರ್ತಿ ರೀಸೆಟ್ ಮಾಡುವುದೇ ನೆಮ್ಮದಿ.

ಸ್ಟಾರ್, ಹ್ಯಾಶ್ ಇರುವ ಯಾವುದಾದರೂ ಕೋಡನ್ನು ಅವರು ಹೇಳಿದಂತೆ ಒತ್ತಿದ್ದೀರಾ? ನಿಮ್ಮ ಕರೆಗಳು ಅವರ ಫೋನಿಗೆ ಹೋಗುತ್ತಿರಬಹುದು. ##002# ಡಯಲ್ ಮಾಡಿದರೆ ಎಲ್ಲ ಕಾಲ್ ಫಾರ್ವರ್ಡಿಂಗ್ ರದ್ದಾಗುತ್ತದೆ.

ದುಡ್ಡು ಹೋಗಿದ್ದರೆ ಒಂದೊಂದು ನಿಮಿಷವೂ ಲೆಕ್ಕ. ಕದ್ದ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ. 1930ಕ್ಕೆ ಬೇಗ ಹೇಳಿದರೆ ಅದನ್ನು ನಡುದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಫೋನ್ ಮಾಡುವಾಗ ಬ್ಯಾಂಕಿನ ಹೆಸರು, ಖಾತೆ ನಂಬರ್, ಹೋದ ಮೊತ್ತ, ಹೊತ್ತು, ಯುಪಿಐ ಆಗಿದ್ದರೆ 12 ಅಂಕಿಯ ಯುಟಿಆರ್ ನಂಬರ್ (ಆ ವ್ಯವಹಾರದ ಗುರುತಿನ ನಂಬರ್) ಕೈಯಲ್ಲಿರಲಿ. ಹಿಂದಿಯಲ್ಲೋ ಮರಾಠಿಯಲ್ಲೋ ಗಡಿಬಿಡಿಯಲ್ಲಿ ಹೇಳಲು ತಡವರಿಸುವವರು ಮೊದಲೇ ಒಂದು ಚೀಟಿಯಲ್ಲಿ ಬರೆದುಕೊಂಡು ಓದಿ. ಲೈನ್ ಸಿಗದಿದ್ದರೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ದೂರು ಹಾಕಿ. ಸಿಗುವ ನಂಬರನ್ನು ಬರೆದಿಟ್ಟುಕೊಳ್ಳಿ.

ಬ್ಯಾಂಕಿಗೂ ಬರವಣಿಗೆಯಲ್ಲಿ ಕೊಡಿ, ಕೊಟ್ಟದ್ದಕ್ಕೆ ಸೀಲ್ ಹಾಕಿಸಿಕೊಳ್ಳಿ. ರಿಸರ್ವ್ ಬ್ಯಾಂಕು 2017ರ ಸುತ್ತೋಲೆಯಲ್ಲಿ ತಂದ ನಿಯಮ ಇದಕ್ಕೆ ಆಧಾರ. ನಿಮ್ಮದೂ ಬ್ಯಾಂಕಿನದ್ದೂ ತಪ್ಪಿಲ್ಲದೆ ಹೊರಗಿನವರಿಂದ ಹೋಗಿದ್ದರೆ, ಬ್ಯಾಂಕಿನ ಮಾಹಿತಿ ಬಂದ ಮೂರು ಕೆಲಸದ ದಿನದೊಳಗೆ ಹೇಳಿದರೆ ನಷ್ಟ ನಿಮ್ಮ ತಲೆಗೆ ಬರುವುದಿಲ್ಲ. ನೀವೇ ಒಟಿಪಿ ಕೊಟ್ಟಿದ್ದರೆ ಬ್ಯಾಂಕಿಗೆ ಹೇಳುವ ತನಕದ ನಷ್ಟ ನಿಮ್ಮದು, ಹೇಳಿದ ಮೇಲೆ ಹೋದದ್ದು ಬ್ಯಾಂಕಿನದ್ದು. ಅಂದರೆ ನಾಚಿಕೆಯಿಂದ ಒಂದು ರಾತ್ರಿ ಸುಮ್ಮನೆ ಕೂತರೆ ಆ ರಾತ್ರಿಯ ನಷ್ಟ ಪೂರ್ತಿ ನಿಮ್ಮದೇ. ನನ್ನ ಪರಿಚಯದ ಒಬ್ಬರು ಮಗನಿಗೆ ಗೊತ್ತಾದರೆ ಬೈಯುತ್ತಾನೆ ಅಂತ ಎರಡು ದಿನ ಹೇಳಲೇ ಇಲ್ಲ. ಮನೆಯ ಚಿಕ್ಕವರೇ, ದಯವಿಟ್ಟು ಬೈಯಬೇಡಿ. ಬೈದ ಮನೆಯಲ್ಲಿ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

ಪೊಲೀಸ್ ಠಾಣೆಯ ವಿಷಯ. ಮುಂಬಯಿ ಪೊಲೀಸರ ಐದು ಪ್ರಾದೇಶಿಕ ಸೈಬರ್ ಠಾಣೆಗಳಿವೆ. ಡೊಂಬಿವಲಿ, ಠಾಣೆಯವರು ಠಾಣೆ ಕಮಿಷನರೇಟಿಗೆ, ವಾಶಿ, ನೆರೂಲ್‌ನವರು ನವಿ ಮುಂಬಯಿಗೆ ಸೇರುತ್ತಾರೆ. "ಇದು ನಮ್ಮ ಹದ್ದಿನಲ್ಲಿ ಬರುವುದಿಲ್ಲ" ಅಂತ ಯಾರಾದರೂ ಹೇಳಿದರೆ 'ಝೀರೋ ಎಫ್‌ಐಆರ್' ಅಂತ ಕೇಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಲ್ಲಿ ಅದಕ್ಕೆ ಜಾಗವಿದೆ, ಯಾವ ಠಾಣೆಯಲ್ಲಾದರೂ ದೂರು ಬರೆಸಬಹುದು.

ಊರಿನ ಸಿಮ್ ಮರೆಯಬೇಡಿ

ಇದು ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರದ್ದೇ ಆದ ತೊಂದರೆ. ಊರಿನ ಬ್ಯಾಂಕಿನಲ್ಲಿ ಹಳೇ ಖಾತೆ. ಅದಕ್ಕೆ ಜೋಡಿಸಿದ್ದು ಊರಿನ ಸಿಮ್. ಇಲ್ಲಿ ಬಂದ ಮೇಲೆ ಆ ಸಿಮ್ಮಿಗೆ ರೀಚಾರ್ಜ್ ಮಾಡುವುದು ಬಿಟ್ಟುಹೋಗುತ್ತದೆ. ಬಂದ್ ಆದ ನಂಬರನ್ನು ಮೊಬೈಲ್ ಕಂಪನಿ ಕಡಿಮೆಯೆಂದರೆ 90 ದಿನ ಹಾಗೇ ಇಟ್ಟು ಆಮೇಲೆ ಬೇರೆಯವರಿಗೆ ಕೊಡಬಹುದು. ಆಗ ನಿಮ್ಮ ಖಾತೆಯ ಒಟಿಪಿ ಹೋಗುವುದು ಗುರುತು ಪರಿಚಯ ಇಲ್ಲದವರ ಕೈಗೆ. ನಿಮ್ಮ ಎಚ್ಚರಿಕೆ ಎಷ್ಟಿದ್ದರೂ ಇದಕ್ಕೆ ಉಪಯೋಗವಿಲ್ಲ. ಮೆಸೇಜೇ ನಿಮಗೆ ಬರುವುದಿಲ್ಲವಲ್ಲ!

ಹಾಗಾಗಿ ಒಂದೋ ಆ ಸಿಮ್ಮಿಗೆ ರೀಚಾರ್ಜ್ ಮಾಡುತ್ತಿರಿ, ಇಲ್ಲವೇ ಬ್ಯಾಂಕು, ಆಧಾರ್, ಎಲ್‌ಐಸಿ, ಗ್ಯಾಸು ಎಲ್ಲ ಕಡೆ ಮುಂಬಯಿ ನಂಬರ್ ಹಾಕಿಸಿ, ಆಮೇಲೆ ಸಿಮ್ ಬಿಡಿ.

ಮಾವ ಕಳೆದ ಸಲ ನೇಮಕ್ಕೆ ಊರಿಗೆ ಹೋದಾಗ ಈ ಕೆಲಸ ಮುಗಿಸಿಕೊಂಡು ಬಂದರು. ಬ್ಯಾಂಕಿನಲ್ಲಿ ಅರ್ಧ ದಿನ ಹೋಯಿತಂತೆ, ಪಾಸ್‌ಬುಕ್ ತರಲು ಒಮ್ಮೆ ಮನೆಗೂ ಓಡಬೇಕಾಯಿತಂತೆ. ಮರುದಿನ ಅಲ್ಲಿಂದಲೇ ನನಗೆ ಫೋನ್ ಮಾಡಿದರು. "ನಂಬರ್ ಬದಲಾಯಿತು ಅಂತ ಮೆಸೇಜ್ ಬಂದಿದೆ. ಕೊನೆಗೆ ಎಸ್ ಅಂತ ಉಂಟು. ಸರಿ ಉಂಟಲ್ಲ?"